ನಿಂತುಹೋದ ಓದನ್ನು ಪತ್ತೇದಾರಿ ಕಾದಂಬರಿಗಳಿಂದ ಮತ್ತೆ ಆರಂಭಿಸುವುದು ಹೇಗೆ?

‘ಹಿಂದೆಲ್ಲ ರಾತ್ರಿ ಹಿಡಿದ ಕಾದಂಬರಿಯನ್ನು ಕೋಳಿ ಕೂಗುವ ಹೊತ್ತಿಗೆ ಮುಗಿಸುತ್ತಿದ್ದೆ, ಈಗ ಹತ್ತು ಪುಟ ದಾಟುವಷ್ಟರಲ್ಲಿ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಓದನ್ನು ಮತ್ತೆ ಶುರು ಮಾಡುವುದು ಹೇಗೆ?’ ಓದುಗರು ನನಗೆ ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರಿಸುವ ಬದಲು, ನಾನೂ ಅನುಸರಿಸಿ ಫಲ ಕಂಡ, ಹಲವರಿಗೆ ಹೇಳಿಯೂ ಇರುವ ಒಂದು ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಓದು ಬಿಟ್ಟವರು ಮರಳಿ ಬರುವಾಗ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಬಹುದಿನಗಳಿಂದ ಓದಬೇಕೆಂದುಕೊಂಡಿದ್ದ ಒಂದು ದಪ್ಪನೆಯ, ಗೌರವಾನ್ವಿತ ಪುಸ್ತಕವನ್ನು. ಅದು ಮೂವತ್ತನೆಯ ಪುಟದಲ್ಲಿ ನಿಲ್ಲುತ್ತದೆ, ತನ್ನಿಂದ ಓದು ಸಾಧ್ಯವಿಲ್ಲವೆಂಬ ಬೇಸರ ಮಾತ್ರ ಉಳಿಯುತ್ತದೆ. ವಿರಾಮದ ಓದು ಹಾಗೆ ಹಟದಿಂದ ಮರಳುವಂಥದ್ದಲ್ಲ. ಜಗಲಿಯ ಮೇಲೆ ಕುಳಿತು ಸೊಗಸಾಗಿ ಕಥೆ ಹೇಳುವವರ ಪಕ್ಕದಿಂದ ಎದ್ದು ಹೋಗಲು ನಮಗೆ ಮನಸ್ಸಾಗುವುದಿಲ್ಲವಲ್ಲ, ಅಂಥ ದನಿಯೊಂದು ಪುಸ್ತಕದೊಳಗಿಂದ ಕೇಳಿಸಿದರೆ ಸಾಕು. ಈ ದನಿ ಮೊದಲ ಪುಟದಿಂದಲೇ ಸ್ಪಷ್ಟವಾಗಿ ಕೇಳಿಸುವ ಎರಡು ಬಗೆಯ ಪುಸ್ತಕಗಳಿವೆ: ಹಾಸ್ಯದ ಪತ್ತೇದಾರಿ ಕಾದಂಬರಿ ಮತ್ತು ‘ಹಾರ್ಡ್‌ಬಾಯ್ಲ್ಡ್’ ಪತ್ತೇದಾರಿ ಕಾದಂಬರಿ. ಇವೆರಡನ್ನೂ ಒಂದಾದ ಮೇಲೊಂದರಂತೆ ಓದುವುದೇ ನನ್ನ ಸಲಹೆ.

ಬೇಕಾದ ಸಾಮಗ್ರಿ ಬಹಳ ಕಡಿಮೆ. 200ರಿಂದ 250 ಪುಟಗಳ ಒಂದು ಪುಸ್ತಕ, ಒಂದು ಪೆನ್ಸಿಲ್, ಅಂಗೈಯಗಲದ ಒಂದು ದಪ್ಪ ಕಾಗದದ ಚೀಟಿ, ದಿನಕ್ಕೆ 25 ನಿಮಿಷ. ಇಂಗ್ಲಿಷ್ ದಿನಪತ್ರಿಕೆಯನ್ನು ತೊಡಕಿಲ್ಲದೆ ಓದಬಲ್ಲವರು ಮುಂದೆ ಹೇಳುವ ಇಂಗ್ಲಿಷ್ ಕಾದಂಬರಿಗಳನ್ನೂ ಓದಬಲ್ಲರು. ಕನ್ನಡದಲ್ಲಿ ಮಾತ್ರ ಓದಬಯಸುವವರು ಐದನೆಯ ಹಂತದಿಂದ ಆರಂಭಿಸಿ, ಉಳಿದದ್ದನ್ನು ಆಮೇಲೆ ನೋಡಬಹುದು.

1. ಯಾವುದನ್ನು ಓದಲು ಹೊರಟಿದ್ದೀರಿ ಎಂಬುದನ್ನು ತಿಳಿದುಕೊಳ್ಳಿ

‘ಹಾರ್ಡ್‌ಬಾಯ್ಲ್ಡ್’ ಎಂಬುದು ಗಟ್ಟಿಯಾಗುವವರೆಗೆ ಬೇಯಿಸಿದ ಮೊಟ್ಟೆಯಿಂದ ಬಂದ ಮಾತು. ಬದುಕಿನ ಪೆಟ್ಟುಗಳಲ್ಲಿ ಬೆಂದು ಗಟ್ಟಿಯಾದ, ಭಾವನೆಯನ್ನು ಮುಖದ ಮೇಲೆ ತೋರಗೊಡದ ಮನುಷ್ಯನಿಗೆ ಅಮೆರಿಕದಲ್ಲಿ ಹೀಗೆನ್ನುತ್ತಾರೆ. ಅಂಥವನು ಪತ್ತೇದಾರನಾಗಿರುವ ಕಥೆಗಳು 1920ರ ದಶಕದಲ್ಲಿ ಅಲ್ಲಿನ ‘ಪಲ್ಪ್’ ಪತ್ರಿಕೆಗಳಲ್ಲಿ ಹುಟ್ಟಿದವು. ಮರದ ತಿರುಳಿನಿಂದ ತಯಾರಿಸಿದ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಕಥಾಪತ್ರಿಕೆಗಳಿಗೆ ಪಲ್ಪ್ ಎಂದು ಹೆಸರು. 1920ರಲ್ಲಿ ಆರಂಭವಾದ ‘ಬ್ಲ್ಯಾಕ್ ಮಾಸ್ಕ್’ ಅವುಗಳಲ್ಲಿ ಪ್ರಮುಖವಾದದ್ದು. ಅದೇ ವರ್ಷ ಅಮೆರಿಕದಲ್ಲಿ ಜಾರಿಗೆ ಬಂದ ಪಾನನಿಷೇಧ 1933ರವರೆಗೂ ಮುಂದುವರಿಯಿತು. ಕಳ್ಳಭಟ್ಟಿಯ ಹಣದಿಂದ ಗೂಂಡಾ ಗುಂಪುಗಳು ಬೆಳೆದವು, ಪೊಲೀಸರೂ ನಗರಸಭೆಗಳೂ ಲಂಚಕ್ಕೆ ಬಿದ್ದವು. ಬಂಗಲೆಯೊಂದರಲ್ಲಿ ಕೊಲೆಯಾಗಿ, ಜಾಣನೊಬ್ಬ ಕೊನೆಗೆ ಎಲ್ಲರನ್ನೂ ಸೇರಿಸಿ ಅಪರಾಧಿಯತ್ತ ಬೆರಳು ತೋರಿಸುವ ಇಂಗ್ಲಿಷ್ ಮಾದರಿಯ ಕಥೆಗೆ ಈ ಬೀದಿಯ ಸತ್ಯವನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹೊಸ ಬಗೆಯ ಕಥೆಯಲ್ಲಿ ಅಪರಾಧಿ ಸಿಕ್ಕಿದರೂ ಊರು ಶುದ್ಧವಾಗುವುದಿಲ್ಲ. ಪತ್ತೇದಾರ ತನ್ನ ಮಾತನ್ನು ಉಳಿಸಿಕೊಂಡು ಮನೆಗೆ ಹೋಗುತ್ತಾನೆ, ಅಷ್ಟೆ.

ಈ ಬಗೆಯ ಇಬ್ಬರು ಹಿರಿಯರನ್ನು ತಿಳಿದಿರಬೇಕು. ಡ್ಯಾಶಿಯಲ್ ಹ್ಯಾಮೆಟ್ (1894–1961) ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವರು. ರೇಮಂಡ್ ಚಾಂಡ್ಲರ್ (1888–1959) ತೈಲ ಕಂಪನಿಯ ಕೆಲಸವನ್ನು 1932ರಲ್ಲಿ ಕಳೆದುಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಹೊಟ್ಟೆಪಾಡಿಗೆ ಪಲ್ಪ್ ಕಥೆಗಳನ್ನು ಬರೆಯತೊಡಗಿದವರು. ಚಾಂಡ್ಲರ್ ಓದಿದ್ದು ಲಂಡನ್ನಿನ ಡಲಿಚ್ ಕಾಲೇಜು ಎಂಬ ಶಾಲೆಯಲ್ಲಿ. ಇಂಗ್ಲಿಷಿನ ದೊಡ್ಡ ಹಾಸ್ಯಲೇಖಕ ಪಿ.ಜಿ. ವುಡ್‌ಹೌಸ್ ಓದಿದ್ದೂ ಅಲ್ಲಿಯೇ. 1900ರಲ್ಲಿ ವುಡ್‌ಹೌಸ್ ಅದನ್ನು ಬಿಟ್ಟರು, ಚಾಂಡ್ಲರ್ ಸೇರಿದರು. ವುಡ್‌ಹೌಸ್ ನಗಿಸುವುದಕ್ಕೆ ಬಳಸುವ ಅನಿರೀಕ್ಷಿತ ಉಪಮೆಯನ್ನೇ ಚಾಂಡ್ಲರ್ ಕತ್ತಲ ಬೀದಿಯಲ್ಲಿ ಬಳಸುತ್ತಾರೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಹಾಸ್ಯದ ಪುಸ್ತಕವನ್ನೂ ಇದನ್ನೂ ಜೋಡಿಯಾಗಿ ಓದಿರೆಂದು ಹೇಳುವುದಕ್ಕೆ ಈ ನಂಟೂ ಒಂದು ಕಾರಣ.

2. ಹೊತ್ತನ್ನೂ ಜಾಗವನ್ನೂ ಗೊತ್ತುಪಡಿಸಿಕೊಳ್ಳಿ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ಮಗುಚಿಟ್ಟು ಪಕ್ಕದಲ್ಲಿಟ್ಟುಕೊಂಡರೆ ಸಾಲದು. ರಾತ್ರಿ ಮಲಗುವ ಹೊತ್ತನ್ನು ಆರಿಸಿಕೊಳ್ಳಬೇಡಿ, ಏಕೆಂದರೆ ದಣಿದ ಕಣ್ಣಿಗೆ ಎರಡು ಪುಟದಲ್ಲೇ ನಿದ್ದೆ ಬಂದು, ಮರುದಿನ ಅದೇ ಎರಡು ಪುಟವನ್ನು ಮತ್ತೆ ಓದಬೇಕಾಗುತ್ತದೆ. ಬೆಳಗಿನ ಕಾಫಿಯ ನಂತರದ ಹೊತ್ತು ಅಥವಾ ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲಿನ ಹೊತ್ತು ಒಳ್ಳೆಯದು. ಮೆಟ್ರೋ ಅಥವಾ ಬಸ್ಸಿನಲ್ಲಿ ಸೀಟು ಸಿಗುವವರಿಗೆ ಆ ಪ್ರಯಾಣವೇ ಸಾಕು.

3. ಪುಸ್ತಕವನ್ನು ಎರಡು ಪುಟಗಳಿಂದ ಪರೀಕ್ಷಿಸಿ

ಅಂಗಡಿಯಲ್ಲಿ ಅಥವಾ ಗ್ರಂಥಾಲಯದಲ್ಲಿ ನಿಂತುಕೊಂಡೇ ಮೊದಲ ಪುಟವನ್ನೂ ನಡುವಿನ ಯಾವುದಾದರೊಂದು ಪುಟವನ್ನೂ ಓದಿ. ಹಿಂಬದಿಯ ಹೊದಿಕೆಯ ಮೇಲಿನ ಕಥಾಸಾರವನ್ನು ಓದಬೇಡಿ. ಅದು ಕಥೆಯ ಘಟನೆಗಳನ್ನು ಹೇಳುತ್ತದೆ, ದನಿಯನ್ನು ಕೇಳಿಸುವುದಿಲ್ಲ. ನಡುವಿನ ಪುಟ ಹಿಂದುಮುಂದು ಗೊತ್ತಿಲ್ಲದೆಯೂ ಹಿಡಿದು ನಿಲ್ಲಿಸಿದರೆ ಅದು ನಿಮ್ಮ ಪುಸ್ತಕ.

ಮೊದಲ ಹಾರ್ಡ್‌ಬಾಯ್ಲ್ಡ್ ಪುಸ್ತಕವಾಗಿ ನಾನು ಹೇಳುವುದು ಹ್ಯಾಮೆಟ್ ಅವರ ‘ದ ಮಾಲ್ಟೀಸ್ ಫಾಲ್ಕನ್’ (1930) ಅಥವಾ ಚಾಂಡ್ಲರ್ ಅವರ ‘ದ ಬಿಗ್ ಸ್ಲೀಪ್’ (1939). ಹೆಚ್ಚು ಉಪಮೆ, ಚುರುಕು ಮಾತು ಬೇಕೆನ್ನುವವರಿಗೆ ಎರಡನೆಯದು. ಸಂಭಾಷಣೆಯ ಬಲದ ಮೇಲೆ ನಾಟಕದಂತೆ ಸಾಗುವ ಕಥೆ ಬೇಕೆನ್ನುವವರಿಗೆ ಮೊದಲನೆಯದು. ಚಾಂಡ್ಲರ್ ಅವರ ‘ದ ಲಾಂಗ್ ಗುಡ್‌ಬೈ’ (1953) ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಆದರೆ ಅದು ಉದ್ದವಾಗಿದೆ, ನಿಧಾನವಾಗಿದೆ. ಅದನ್ನು ಮೂರನೆಯ ಅಥವಾ ನಾಲ್ಕನೆಯ ಪುಸ್ತಕವಾಗಿ ಇಟ್ಟುಕೊಳ್ಳಿ.

ಪುಸ್ತಕ ಸಿಗುವ ಜಾಗಗಳ ಬಗ್ಗೆ ಎರಡು ಮಾತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಅಪರಾಧ ಕಾದಂಬರಿಗಳಿಗೆ ಪ್ರತ್ಯೇಕ ಸಾಲುಗಳೇ ಇವೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಕೃತಿಸ್ವಾಮ್ಯವೆಂದರೆ ಅನುಮತಿಯಿಲ್ಲದೆ ಬೇರೆಯವರು ಅಚ್ಚುಮಾಡದಂತೆ ತಡೆಯುವ ಹಕ್ಕು. ಚಾಂಡ್ಲರ್ ಅವರದು 2019ರ ಕೊನೆಗೆ, ಹ್ಯಾಮೆಟ್ ಅವರದು 2021ರ ಕೊನೆಗೆ ಇಲ್ಲಿ ಮುಗಿದಿದೆ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟಿಸಿದ ಕಾದಂಬರಿಗಳ ಅಗ್ಗದ ಮುದ್ರಣಗಳನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಆದರೆ ಅಂಥ ಮುದ್ರಣಗಳಲ್ಲಿ ಕೆಲವು ತೀರ ಸಣ್ಣ ಅಕ್ಷರಗಳಲ್ಲಿ, ಅಚ್ಚಿನ ತಪ್ಪುಗಳೊಂದಿಗೆ ಬರುತ್ತವೆ. ಕೊಳ್ಳುವ ಮುನ್ನ ಒಂದು ಪುಟವನ್ನು ನಿಮ್ಮ ಮಾಮೂಲಿ ಕನ್ನಡಕದಲ್ಲಿ ಓದಿ ನೋಡಿ. ನಲವತ್ತು ದಾಟಿದ ಎಷ್ಟೋ ಮಂದಿಯ ಓದು ನಿಂತಿರುವುದು ಮನಸ್ಸಿನ ಕಾರಣದಿಂದಲ್ಲ, ಚಾಳೀಸಿನ ಕಾರಣದಿಂದ.

4. ಮೊದಲ ನಲವತ್ತು ಪುಟಗಳನ್ನು ಚೀಟಿಯ ಸಹಾಯದಿಂದ ದಾಟಿ

ಕನ್ನಡ ಓದುಗರು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಕೈಬಿಡುವುದು ಬಹುತೇಕ ಹೆಸರುಗಳ ಗೊಂದಲದಿಂದ. ಒಬ್ಬನನ್ನೇ ಒಮ್ಮೆ ಮೊದಲ ಹೆಸರಿನಿಂದ, ಒಮ್ಮೆ ಮನೆತನದ ಹೆಸರಿನಿಂದ ಕರೆಯುತ್ತಾರೆ. ಪುಟಗುರುತಾಗಿ ಇಟ್ಟುಕೊಂಡ ದಪ್ಪ ಚೀಟಿಯ ಮೇಲೆ ಬಂದವರ ಹೆಸರನ್ನು ಬಂದಂತೆ ಕನ್ನಡದಲ್ಲಿ ಬರೆದುಕೊಳ್ಳಿ. ‘ಮಾಲ್ಟೀಸ್ ಫಾಲ್ಕನ್’ ಓದುವಾಗ ನನ್ನ ಚೀಟಿ ಹೀಗಿತ್ತು: ‘ಸ್ಪೇಡ್ – ಪತ್ತೇದಾರ. ಆರ್ಚರ್ – ಪಾಲುದಾರ. ಎಫೀ – ಆಫೀಸಿನ ಹುಡುಗಿ, ನಂಬಬಹುದು. ಮಿಸ್ ವಂಡರ್ಲಿ – ಕಕ್ಷಿದಾರಳು, ನಂಬಬಾರದು.’ ಕೆಲವೇ ಪುಟಗಳಲ್ಲಿ ಮಿಸ್ ವಂಡರ್ಲಿ ತನ್ನ ನಿಜವಾದ ಹೆಸರು ಬ್ರಿಜಿಡ್ ಒಶಾನೆಸಿ ಎನ್ನುತ್ತಾಳೆ, ನಡುವೆ ಇನ್ನೂ ಒಂದು ಹೆಸರಿನಲ್ಲಿ ತಂಗಿರುತ್ತಾಳೆ. ಚೀಟಿ ಇಲ್ಲದವರು ಇವರು ಮೂವರು ಬೇರೆ ಬೇರೆ ಹೆಂಗಸರೆಂದುಕೊಂಡು ಅಲ್ಲಿಯೇ ಪುಸ್ತಕ ಮುಚ್ಚುತ್ತಾರೆ.

ಸಾಧ್ಯವಾದರೆ ಈ ನಲವತ್ತು ಪುಟಗಳನ್ನು ರಜಾದಿನವೊಂದರಲ್ಲಿ ಒಂದೇ ಸಲಕ್ಕೆ ಓದಿ. ದಿನಕ್ಕೆ ಐದೈದು ಪುಟದಂತೆ ಆರಂಭಿಸಿದರೆ ಪಾತ್ರಗಳು ಮನಸ್ಸಿನಲ್ಲಿ ನಿಲ್ಲುವುದೇ ಇಲ್ಲ. ನಲವತ್ತು ಪುಟ ದಾಟಿದ ಮೇಲೆ ಐದು ಪುಟವೂ ನಡೆಯುತ್ತದೆ.

ಎರಡನೆಯ ತೊಡಕು ಬೀದಿಮಾತು. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಮತ್ತೆ ಮತ್ತೆ ಬರುವ ಕೆಲವೇ ಪದಗಳನ್ನು ತಿಳಿದಿದ್ದರೆ ಸಾಕು. ‘ಪ್ರೈವೇಟ್ ಐ’, ‘ಶೇಮಸ್’, ‘ಗಮ್‌ಶೂ’ ಇವೆಲ್ಲ ಖಾಸಗಿ ಪತ್ತೇದಾರನಿಗೆ ಇರುವ ಹೆಸರುಗಳು. ‘ರಾಡ್’, ‘ಗ್ಯಾಟ್’, ‘ಹೀಟರ್’ ಎಂದರೆ ಪಿಸ್ತೂಲು. ‘ಗ್ರ್ಯಾಂಡ್’ ಎಂದರೆ ಸಾವಿರ ಡಾಲರ್. ‘ಸ್ಪೀಕ್‌ಈಸಿ’ ಪಾನನಿಷೇಧದ ಕಾಲದ ಗುಟ್ಟಿನ ಶರಾಬಂಗಡಿ. ‘ಡಿ.ಎ.’ ಎಂದರೆ ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ಜಿಲ್ಲಾ ವಕೀಲ. ‘ಬಿಗ್ ಸ್ಲೀಪ್’ ಎಂದರೆ ಸಾವು. ನಮ್ಮ ‘ಚಿರನಿದ್ರೆ’ಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದ ಪದಗಳನ್ನು ಸಂದರ್ಭವೇ ಹೇಳಿಕೊಡುತ್ತದೆ.

ಎಚ್ಚರಿಕೆ: ಒಗಟು ಬಿಡಿಸಲು ಕೂರಬೇಡಿ. ಶಾಲೆಯಲ್ಲಿ ಓದಿದ ಶೆರ್ಲಾಕ್ ಹೋಮ್ಸ್ ಕಥೆಗಳ ಅಭ್ಯಾಸದಿಂದ ಅನೇಕರು ಪ್ರತಿ ಸುಳಿವನ್ನೂ ಜೋಡಿಸಲು ಹೋಗಿ ಹೈರಾಣಾಗುತ್ತಾರೆ. ಚಾಂಡ್ಲರ್ ‘ಬಿಗ್ ಸ್ಲೀಪ್’ ಅನ್ನು ಕಟ್ಟಿದ್ದು ತಾವೇ ಹಿಂದೆ ಪಲ್ಪ್ ಪತ್ರಿಕೆಗಳಿಗೆ ಬರೆದಿದ್ದ ಸಣ್ಣ ಕಥೆಗಳನ್ನು ಹೊಲಿದು. ಆ ಹೊಲಿಗೆಯಲ್ಲಿ ಅಲ್ಲಲ್ಲಿ ಬಿರುಕು ಉಳಿದಿದೆ. ಹೊವಾರ್ಡ್ ಹಾಕ್ಸ್ ನಿರ್ದೇಶನದಲ್ಲಿ ಅದು ಚಲನಚಿತ್ರವಾಗುತ್ತಿದ್ದಾಗ, ಕಥೆಯಲ್ಲಿ ಕಾರಿನೊಂದಿಗೆ ನೀರಿಗೆ ಬಿದ್ದು ಸತ್ತ ಚಾಲಕನನ್ನು ಕೊಂದವರು ಯಾರೆಂದು ಚಿತ್ರತಂಡ ಲೇಖಕರನ್ನೇ ಕೇಳಿತು. ತಮಗೂ ಗೊತ್ತಿಲ್ಲವೆಂದು ಚಾಂಡ್ಲರ್ ಹೇಳಿದರು. ಬರೆದವರಿಗೇ ಗೊತ್ತಿಲ್ಲದ್ದು ನಿಮಗೆ ಹೊಳೆಯಲಿಲ್ಲವೆಂದು ಕೊರಗುವುದು ಬೇಡ.

ಹಾಗಾದರೆ ಗಮನಿಸಬೇಕಾದದ್ದು ಏನು? ದೃಶ್ಯವನ್ನು. ‘ಬಿಗ್ ಸ್ಲೀಪ್’ನ ಎರಡನೆಯ ಅಧ್ಯಾಯದಲ್ಲಿ ಪತ್ತೇದಾರ ಮಾರ್ಲೋ ಒಬ್ಬ ಶ್ರೀಮಂತ ವೃದ್ಧ ಜನರಲ್‌ನನ್ನು ಕಾಣಲು ಆರ್ಕಿಡ್ ಬೆಳೆಸುವ ಗಾಜಿನ ಮನೆಗೆ ಹೋಗುತ್ತಾನೆ. ಒಳಗೆ ಬೇಯುವಂಥ ಶೆಕೆ, ಗಾಜಿನಿಂದ ತೊಟ್ಟಿಕ್ಕುವ ಹಬೆ. ಅಂಥದ್ದರಲ್ಲೂ ಮುದುಕ ಕಂಬಳಿ ಸುತ್ತಿಕೊಂಡು ಗಾಲಿಕುರ್ಚಿಯಲ್ಲಿ ಕುಳಿತಿದ್ದಾನೆ. ತಾನು ಕುಡಿಯುವಂತಿಲ್ಲವಾದ್ದರಿಂದ ಅತಿಥಿಗೆ ಬ್ರಾಂದಿ ಕೊಡಿಸಿ, ಅವನು ಕುಡಿಯುವುದನ್ನು ನೋಡುತ್ತಾ ತೃಪ್ತಿಪಡುತ್ತಾನೆ. ಆ ಮನೆತನದ ಸಂಪತ್ತು, ಕೊಳೆತ, ಮುದುಕನ ಉಳಿದ ಘನತೆ ಎಲ್ಲವೂ ಆ ಒಂದು ಲೋಟದಲ್ಲಿ ಬಂದುಬಿಡುತ್ತವೆ.

ಹ್ಯಾಮೆಟ್ ಅವರದು ಇನ್ನೂ ಬಿಗಿ. ‘ಮಾಲ್ಟೀಸ್ ಫಾಲ್ಕನ್’ನಲ್ಲಿ ಸ್ಪೇಡ್ ಏನನ್ನು ಯೋಚಿಸುತ್ತಿದ್ದಾನೆಂದು ಅವರು ಎಲ್ಲಿಯೂ ಹೇಳುವುದಿಲ್ಲ. ನಡುರಾತ್ರಿ ದೂರವಾಣಿಯಲ್ಲಿ ಪಾಲುದಾರನ ಸಾವಿನ ಸುದ್ದಿ ಬಂದಾಗ, ಕಣ್ಣೀರೂ ಇಲ್ಲ, ಉದ್ಗಾರವೂ ಇಲ್ಲ. ಅವನು ಹಾಸಿಗೆಯ ಮೇಲೆ ಕುಳಿತು ಸಿಗರೇಟು ಸುತ್ತುತ್ತಾನೆ: ಬಾಗಿದ ಕಾಗದಕ್ಕೆ ತಂಬಾಕಿನ ಪುಡಿಯನ್ನು ಅಳೆದಂತೆ ಸುರಿದು, ಹರಡಿ, ದಪ್ಪ ಬೆರಳುಗಳಿಂದ ನಿಧಾನವಾಗಿ ಉರುಳಿಸಿ, ಅಂಚನ್ನು ನಾಲಗೆಯಿಂದ ಒದ್ದೆ ಮಾಡುತ್ತಾನೆ. ಒಂದಿಡೀ ಪ್ಯಾರಾ ಬರಿಯ ಬೆರಳುಗಳ ಕೆಲಸ. ಅವನಿಗೆ ದುಃಖವಾಯಿತೇ, ಭಯವಾಯಿತೇ, ನಿರಾಳವಾಯಿತೇ ಎಂಬುದನ್ನು ಆ ಕೈಗಳನ್ನು ನೋಡಿ ನೀವೇ ತಿಳಿಯಬೇಕು. ಇಂಥ ಪ್ಯಾರಾ ಬಂದಾಗ ವೇಗವನ್ನು ತಗ್ಗಿಸಿ, ಎರಡು ಸಲ ಓದಿ, ಬದಿಯಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಚದುರಿದ ಗಮನ ಮರಳಿ ಕೂಡುವುದನ್ನು ನಾನು ಕಂಡಿರುವುದು ಇಂಥ ಕಡೆಗಳಲ್ಲಿಯೇ.

5. ಎರಡನೆಯ ಪುಸ್ತಕ ಹಾಸ್ಯದ್ದಾಗಿರಲಿ

ಒಂದರ ಹಿಂದೊಂದು ಎರಡು ಹಾರ್ಡ್‌ಬಾಯ್ಲ್ಡ್ ಓದಿದರೆ ಮನಸ್ಸು ಕಪ್ಪಾಗುತ್ತದೆ, ಶೈಲಿಯ ರುಚಿಯೂ ಮೊಂಡಾಗುತ್ತದೆ. ಮೊದಲನೆಯದು ಮುಗಿದ ಕೂಡಲೇ ನಗುವ ಪುಸ್ತಕವೊಂದನ್ನು ಹಿಡಿಯಿರಿ.

ಕನ್ನಡದಲ್ಲಿ ಓದುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದರಿಂದಲೋ ಏನೋ, ಅನೇಕರು ಅದನ್ನು ಗಂಭೀರ ಗ್ರಂಥವೆಂದು ಕಪಾಟಿನಲ್ಲಿಯೇ ಉಳಿಸಿದ್ದಾರೆ. ಮಲೆನಾಡಿನ ಕೆಸರೂರಿಗೆ ಏಲಕ್ಕಿ ಬೆಳೆಯ ಕುಸಿತದ ಕಾರಣ ಹುಡುಕುತ್ತಾ ಬರುವ ಗುಪ್ತಚರ ಅಧಿಕಾರಿ ಅಂಗಡಿ, ಅನುಮಾನಾಸ್ಪದವಾಗಿ ಸತ್ತ ಒಬ್ಬ ವಿಜ್ಞಾನಿ, ಊರಿನ ಪಡ್ಡೆ ಹುಡುಗರ ಕ್ರಾಂತಿಯ ಮಾತು, ಒಬ್ಬರನ್ನೊಬ್ಬರು ಶಂಕಿಸುವ ಜನ, ಇದೆಲ್ಲ ಪತ್ತೇದಾರಿಯ ಸರಕೇ. ಊರಿನವರು ಮಾತನಾಡುವುದನ್ನು ಕೇಳುತ್ತಾ ನಕ್ಕವರು ಕೊನೆಯ ಪುಟಗಳಲ್ಲಿ ಬೆಚ್ಚಿ ಕೂರುತ್ತಾರೆ. ಹಾರ್ಡ್‌ಬಾಯ್ಲ್ಡ್ ಕಥೆಗಾರರು ತಮ್ಮ ನಗರಗಳ ಬಗ್ಗೆ ಕಂಡಿದ್ದನ್ನೇ ತೇಜಸ್ವಿ ಕಾಫಿ, ಏಲಕ್ಕಿ ತೋಟಗಳ ನಡುವೆ ಕಂಡಿದ್ದಾರೆ. ಅದು ಹಿಡಿಸಿದರೆ, ಏಲಕ್ಕಿ ಮಾರಲು ಹೊರಟ ದಂಪತಿಯ ಸುತ್ತ ಅಪಾಯ ಹೆಣೆದುಕೊಳ್ಳುವ ‘ಜುಗಾರಿ ಕ್ರಾಸ್’ ಓದಿ. ವೇಗದಲ್ಲಿ ಅದು ಇನ್ನೂ ಮುಂದು.

ಎನ್. ನರಸಿಂಹಯ್ಯನವರ ಪುಸ್ತಕಗಳನ್ನೂ ಇಲ್ಲಿಯೇ ನೆನೆಯಬೇಕು. ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ನಾಯಕರನ್ನಾಗಿಸಿ ಅವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು, ಬಾಡಿಗೆ ಗ್ರಂಥಾಲಯಗಳ ಮೂಲಕ ಒಂದಿಡೀ ತಲೆಮಾರಿಗೆ ಓದುವುದನ್ನು ಕಲಿಸಿದರು. ಅವು ಹಾಸ್ಯದವೂ ಅಲ್ಲ, ಹಾರ್ಡ್‌ಬಾಯ್ಲ್ಡ್ ಕೂಡ ಅಲ್ಲ. ಅಲ್ಲಿನ ಪತ್ತೇದಾರ ಸಜ್ಜನ, ಜಗತ್ತು ಕೊನೆಗೆ ನೆಟ್ಟಗಾಗುತ್ತದೆ. ಆದರೂ ಎಂಟನೆಯ ತರಗತಿಯಲ್ಲಿ ಅವನ್ನು ಓದಿದವರು ಈಗ ಒಂದನ್ನು ಕೈಗೆತ್ತಿಕೊಂಡರೆ, ಪುಟ ತಿರುವುವ ಆ ಹಳೆಯ ಆತುರ ಕೈಬೆರಳಿಗೆ ಮರಳುತ್ತದೆ.

ಇಂಗ್ಲಿಷಿನಲ್ಲಿ ಓದುವವರಿಗೆ ಮೂವರು ಸಾಕು. ಡೊನಾಲ್ಡ್ ವೆಸ್ಟ್‌ಲೇಕ್ ‘ರಿಚರ್ಡ್ ಸ್ಟಾರ್ಕ್’ ಎಂಬ ಕಾವ್ಯನಾಮದಲ್ಲಿ ಪಾರ್ಕರ್ ಎಂಬ ಕಠೋರ ಕಳ್ಳನ ಕಥೆಗಳನ್ನು ಬರೆಯುತ್ತಿದ್ದವರು. ಅಂಥದ್ದೇ ಒಂದು ಕಥೆಯಲ್ಲಿ ಒಂದೇ ರತ್ನವನ್ನು ಮತ್ತೆ ಮತ್ತೆ ಕದಿಯಬೇಕಾದ ಪರಿಸ್ಥಿತಿ ಬಂದು, ಬರೆದಂತೆಲ್ಲ ಅದು ನಗೆಯ ಕಥೆಯಾಗತೊಡಗಿತು. ಪಾರ್ಕರ್‌ಗೆ ಅದು ಒಗ್ಗದೆ, ಡಾರ್ಟ್‌ಮಂಡರ್ ಎಂಬ ಹೊಸ ದುರದೃಷ್ಟವಂತ ಕಳ್ಳ ಹುಟ್ಟಿಕೊಂಡ. ಆ ಕಾದಂಬರಿಯೇ ‘ದ ಹಾಟ್ ರಾಕ್’ (1970). ಕಠೋರವೂ ಹಾಸ್ಯವೂ ಒಂದೇ ಬೇರಿನವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಎರಡನೆಯವರು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್. ತಂದೆ ಬಿಟ್ಟುಹೋದ ದನಗಳನ್ನು ಮಾರಿ ಬೋಟ್ಸ್ವಾನಾದಲ್ಲಿ ಪತ್ತೇದಾರಿ ಕಚೇರಿ ತೆರೆಯುವ ಮ್ಮಾ (ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು) ರಮೋಟ್ಸ್ವೆಯ ಕಥೆಗಳು (ಮೊದಲನೆಯದು 1998) ಸೌಮ್ಯವಾಗಿವೆ, ರಕ್ತಪಾತ ಬೇಡವೆನ್ನುವವರಿಗೆ ಹೇಳಿಮಾಡಿಸಿದಂತಿವೆ. ಮೂರನೆಯವರು ರೆಕ್ಸ್ ಸ್ಟೌಟ್. ಮನೆಯಿಂದ ಹೊರಗೆ ಕಾಲಿಡಲು ಒಪ್ಪದ, ಆರ್ಕಿಡ್ ಬೆಳೆಸುವ ದಢೂತಿ ಪತ್ತೇದಾರ ನೀರೋ ವುಲ್ಫ್, ಅವನ ಪರವಾಗಿ ಬೀದಿ ಸುತ್ತುವ ಚುರುಕು ನಾಲಗೆಯ ಆರ್ಚಿ. 1934ರಲ್ಲಿ ಆರಂಭವಾದ ಈ ಸರಣಿಯಲ್ಲಿ ಎರಡೂ ಬಗೆಗಳು ಒಂದೇ ಮನೆಯಲ್ಲಿ ವಾಸಿಸುತ್ತವೆ.

ಎಚ್ಚರಿಕೆ: ಇಂಗ್ಲಿಷ್ ಹಾಸ್ಯ ಮೊದಲ ಇಪ್ಪತ್ತು ಪುಟಗಳಲ್ಲಿ ನಗು ತರಿಸದಿದ್ದರೆ, ಒಂದು ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಸಿಗದ ನಗು ಎಷ್ಟೋ ಸಲ ಕಿವಿಗೆ ಸಿಗುತ್ತದೆ. ಆಗಲೂ ಬರದಿದ್ದರೆ ಆ ಪುಸ್ತಕವನ್ನು ಬಿಡಿ.

6. ಹಳೆಯ ಪುಸ್ತಕಗಳ ದೋಷವನ್ನು ತಿಳಿದೇ ಓದಿ

1930, 40ರ ದಶಕದ ಹಾರ್ಡ್‌ಬಾಯ್ಲ್ಡ್ ಕಾದಂಬರಿಗಳಲ್ಲಿ ಕಪ್ಪುಜನರ ಬಗ್ಗೆ, ಸಲಿಂಗಿಗಳ ಬಗ್ಗೆ ಹೀನವಾದ ಮಾತುಗಳಿವೆ. ಹೆಂಗಸರು ಬಹುಪಾಲು ಮೋಸಗಾತಿಯರಾಗಿಯೋ ಅಸಹಾಯಕರಾಗಿಯೋ ಬರುತ್ತಾರೆ. ಇದು ಕಾಲದ ದೋಷವೆಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಓದುವಾಗ ಅದು ಚುಚ್ಚುತ್ತದೆ. ಹದಿಹರೆಯದ ಮಕ್ಕಳ ಕೈಗೆ ಕೊಡುವ ಮುನ್ನ ನೀವು ಓದಿರಿ, ಆಮೇಲೆ ಅವರೊಡನೆ ಮಾತನಾಡಿರಿ. ಅದೇ ಪರಂಪರೆಯೊಳಗಿನಿಂದಲೇ ಇದಕ್ಕೆ ಉತ್ತರ ಕೊಟ್ಟವರೂ ಇದ್ದಾರೆ. ಸಾರಾ ಪರೆಟ್ಸ್ಕಿ 1982ರಲ್ಲಿ ಷಿಕಾಗೋದ ಪತ್ತೇದಾರಳಾದ ವಾರ್ಷಾವ್ಸ್ಕಿಯನ್ನು ತಂದರು. ವಾಲ್ಟರ್ ಮೋಸ್ಲಿ ‘ಡೆವಿಲ್ ಇನ್ ಎ ಬ್ಲೂ ಡ್ರೆಸ್’ (1990) ಕಾದಂಬರಿಯಲ್ಲಿ, ಯುದ್ಧದಿಂದ ಮರಳಿದ ಕಪ್ಪು ಯುವಕ ಈಜಿ ರಾಲಿನ್ಸ್‌ನ ಕಣ್ಣಿನಿಂದ 1948ರ ಲಾಸ್ ಏಂಜಲಿಸನ್ನು ತೋರಿಸಿದರು. ಚಾಂಡ್ಲರ್ ಅವರದೂ ಅದೇ ನಗರ. ‘ಬಿಗ್ ಸ್ಲೀಪ್’ ಆದ ಮೇಲೆ ಇದನ್ನು ಓದಿದರೆ, ಮಾರ್ಲೋ ಕಾರಿನಲ್ಲಿ ನೋಡದೆಯೇ ದಾಟಿಹೋದ ಬೀದಿಗಳಲ್ಲಿ ಯಾರು ಬದುಕುತ್ತಿದ್ದರೆಂದು ತಿಳಿಯುತ್ತದೆ.

7. ಕೈಬಿಡುವುದಕ್ಕೂ ಕೊಳ್ಳುವುದಕ್ಕೂ ಒಂದು ಮಿತಿ ಇರಲಿ

ಅರವತ್ತು ಪುಟಗಳವರೆಗೆ ಓದಿಯೂ ದನಿ ಹಿಡಿಸದಿದ್ದರೆ ಪುಸ್ತಕವನ್ನು ನಿರಾಳವಾಗಿ ಹಿಂದಿರುಗಿಸಿ. ಮೊದಲನೆಯದು ಹಿಡಿಸಿತೆಂದು ಸರಣಿಯ ಹತ್ತು ಪುಸ್ತಕಗಳನ್ನು ಒಟ್ಟಿಗೆ ಕೊಳ್ಳಬೇಡಿ. ಕಪಾಟಿನಿಂದ ನೋಡುತ್ತಿರುವ ಒಂಬತ್ತು ಪುಸ್ತಕಗಳು ಮತ್ತೆ ಕರ್ತವ್ಯದ ಭಾರವಾಗುತ್ತವೆ. ಮಾರ್ಲೋ, ನೀರೋ ವುಲ್ಫ್ ಸರಣಿಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಓದಬಹುದು. ಮ್ಮಾ ರಮೋಟ್ಸ್ವೆಯ ಬದುಕು ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುವುದರಿಂದ ಅದನ್ನು ಮೊದಲಿನಿಂದಲೇ ಆರಂಭಿಸಿ. ವರ್ಷಕ್ಕೆ ಐವತ್ತು ಪುಸ್ತಕವೆಂಬಂಥ ಗುರಿ ಹಾಕಿಕೊಂಡರೆ ತೆಳುವಾದ ಪುಸ್ತಕ ಹುಡುಕುವುದೇ ಕೆಲಸವಾಗುತ್ತದೆ, ಆದ್ದರಿಂದ ಎಣಿಕೆಯೇ ಬೇಡ.

8. ಮುಗಿಯುವ ಮುನ್ನವೇ ಮುಂದಿನದನ್ನು ತಂದಿಟ್ಟುಕೊಳ್ಳಿ

ಓದು ಎರಡನೆಯ ಸಲ ತಪ್ಪಿಹೋಗುವುದು ಒಂದು ಪುಸ್ತಕ ಮುಗಿದು ಇನ್ನೊಂದು ಸಿಗುವ ನಡುವಿನ ದಿನಗಳಲ್ಲಿ. ಕೈಯಲ್ಲಿರುವುದರ ಕೊನೆಯ ಐವತ್ತು ಪುಟ ಉಳಿದಿರುವಾಗಲೇ ಇನ್ನೊಂದು ಬಗೆಯ ಪುಸ್ತಕ ಮನೆಯಲ್ಲಿರಬೇಕು: ಕಠೋರವಾದದ್ದರ ಹಿಂದೆ ನಗುವುದು, ನಗುವುದರ ಹಿಂದೆ ಕಠೋರವಾದದ್ದು. ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಮಾಡಿಸಿಕೊಳ್ಳಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿವೆ, ಅಲ್ಲಿ ಕನ್ನಡ ಕಾದಂಬರಿಗಳನ್ನು ವಿಚಾರಿಸಿ. ಗ್ರಂಥಪಾಲಕರಿಗೆ ಲೇಖಕರ ಹೆಸರನ್ನು ಹೇಳಿ ಕೇಳಿ, ಏಕೆಂದರೆ ‘ಚಿದಂಬರ ರಹಸ್ಯ’ ಪತ್ತೇದಾರಿಯ ಸಾಲಿನಲ್ಲಿ ಇರುವುದಿಲ್ಲ, ತೇಜಸ್ವಿಯವರ ಸಾಲಿನಲ್ಲಿ ಇರುತ್ತದೆ. ಮುಗಿದ ಪುಸ್ತಕದ ಚೀಟಿಯನ್ನು ಎಸೆಯದೆ ಅದರೊಳಗೇ ಬಿಡಿ. ಆ ಪುಸ್ತಕವನ್ನು ಮುಂದೆ ಮನೆಯ ಇನ್ನೊಬ್ಬರು ತೆರೆದಾಗ ಸ್ಪೇಡ್ ಯಾರು, ವಂಡರ್ಲಿ ಯಾರು ಎಂದು ಹುಡುಕುತ್ತಾ ಅವರು ಮೊದಲ ನಲವತ್ತು ಪುಟಗಳಲ್ಲಿ ಸಿಕ್ಕಿಕೊಳ್ಳಬೇಕಾಗಿಲ್ಲ.